ಕುಪ್ಪಳಿಯೋ ಮಡಿಕೇರಿಯೋ: ಎರಡು ಮನೆ, ಎರಡು ಭಾನುವಾರ

ಬೆಳಿಗ್ಗೆ ಹಾಸನ ಬಿಟ್ಟು ರಾತ್ರಿಯೊಳಗೆ ವಾಪಸ್ ಬರಬೇಕು. ಒಂದು ಹಳೇ ಮನೆ ನೋಡಬೇಕು, ಜೊತೆಗೆ ಒಂದಿಷ್ಟು ಕಾಡು, ಬೆಟ್ಟ, ನೀರು. ಹೀಗಂದುಕೊಂಡು ಹೋದ ನವೆಂಬರ್‌ನಲ್ಲಿ ಎರಡು ಭಾನುವಾರ ಎರಡು ಕಡೆ ಹೋಗಿ ಬಂದೆವು. ಮೊದಲು ಮಡಿಕೇರಿಯ ಸನ್ನಿಸೈಡ್, ಆಮೇಲೆ ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆ. ಜೊತೆಗೆ ಮೊಣಕಾಲು ನೋವಿನ ಅಮ್ಮ, ಹತ್ತು ವರ್ಷದ ಮಗಳು.

ಸನ್ನಿಸೈಡ್ ಜನರಲ್ ತಿಮ್ಮಯ್ಯನವರ ಮನೆ. ಒಂದು ಕಾಲಕ್ಕೆ ಇಲ್ಲಿ ಆರ್‌ಟಿಒ ಕಚೇರಿ ಇತ್ತು. 2021ರಲ್ಲಿ ಮ್ಯೂಸಿಯಂ ಆಯಿತು. 1957ರಲ್ಲಿ ಸೇನಾ ಮುಖ್ಯಸ್ಥರಾದದ್ದು, 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಕೆಲಸದಲ್ಲಿದ್ದಾಗಲೇ ತೀರಿಕೊಂಡದ್ದು, ಎಲ್ಲ ಕಥೆಯೂ ಇಲ್ಲಿದೆ. ಮಗಳು ಹೊರಗಿಟ್ಟ ಟ್ಯಾಂಕ್ ಬಿಟ್ಟು ಕದಲಲಿಲ್ಲ. 1948ರಲ್ಲಿ ಕಾಶ್ಮೀರದ ಜೋಜಿಲಾ ಕಣಿವೆದಾರಿಗೆ, ಹನ್ನೊಂದು ಸಾವಿರ ಅಡಿಗಿಂತ ಎತ್ತರಕ್ಕೆ ತಿಮ್ಮಯ್ಯ ಟ್ಯಾಂಕ್ ಹತ್ತಿಸಿದ್ದರು. ಗುಟ್ಟು ಬಯಲಾಗಬಾರದೆಂದು ಅದರ ಮೇಲಿನ ತಿರುಗುವ ಭಾಗವನ್ನೇ ಬಿಚ್ಚಿ ಸಾಗಿಸಿದ್ದರು. ಅದನ್ನು ಹೇಳಿದಾಗ ಅವಳ ಕಣ್ಣು ಅರಳಿದ್ದು ಇನ್ನೂ ನೆನಪಿದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆ ಜಾಗ ಈ ಕಡೆ ನಾನು ಕಂಡಿಲ್ಲ. ಓಡಾಟ ಸಮತಟ್ಟು, ಅಮ್ಮನಿಗೂ ಸುಲಭವಾಯಿತು.

ಆದರೆ ಅದು ಮನೆ ಅನ್ನಿಸಲಿಲ್ಲ. ಒಲೆ ಎಲ್ಲಿತ್ತು, ಮಕ್ಕಳು ಎಲ್ಲಿ ಮಲಗುತ್ತಿದ್ದರು ಅನ್ನೋದು ನನಗೆ ಗೊತ್ತಾಗಲಿಲ್ಲ. ಪ್ರಕೃತಿ ನೋಡಲು ಮತ್ತೆ ಕಾರು ಹತ್ತಬೇಕು. ಅಬ್ಬಿ ಜಲಪಾತಕ್ಕೆ ಕಾಫಿ ತೋಟದ ನಡುವೆ ಮೆಟ್ಟಿಲು ಇಳಿಯಬೇಕು, ಅಮ್ಮ ಕಾರಲ್ಲೇ ಉಳಿದರು. ನೀರು ಚೆನ್ನಾಗಿತ್ತು, ಜನವೂ ಜಾಸ್ತಿ. ರಾಜಾಸೀಟ್‌ನಲ್ಲಿ ಮಂಜು ಬಿಟ್ಟರೆ ಏನೂ ಕಾಣಲಿಲ್ಲ.

ಕುಪ್ಪಳಿಯ ದಾರಿ ದೂರ. ಚಿಕ್ಕಮಗಳೂರು, ಕೊಪ್ಪ ದಾಟಿ ಹೋಗುವಷ್ಟರಲ್ಲಿ ಅಮ್ಮ ಸುಸ್ತಾಗಿದ್ದರು. ಊಟ ಕೊಪ್ಪದಲ್ಲೇ ಮುಗಿಸಿಕೊಂಡಿದ್ದು ಒಳ್ಳೆಯದಾಯಿತು. ಕವಿಮನೆ ಮಲೆನಾಡಿನ ತೊಟ್ಟಿಮನೆ, ಮೂರು ಅಂತಸ್ತು, ದಪ್ಪ ಮರದ ಕಂಬಗಳು. ಒಳಗೆ ಕಾಲಿಟ್ಟ ತಕ್ಷಣ ತಣ್ಣಗೆ, ಅರೆಗತ್ತಲು. ಕುವೆಂಪು ಅವರ ಬಟ್ಟೆ, ಬರಹ, ಪ್ರಶಸ್ತಿಗಳಿಗಾಗಿ ನಾನು ಹೋಗಿದ್ದೆ. ಅಮ್ಮ ಮಾತ್ರ ಪಾತ್ರೆ ಪಗಡದ ಮುಂದೆ ನಿಂತುಬಿಟ್ಟರು. "ಇದು ಮರಿಗೆ ಕಣೇ, ಮರ ಕೊರೆದು ಮಾಡೋದು. ನಮ್ಮಜ್ಜಿ ಮನೇಲೂ ಇತ್ತು" ಅಂತ ಮೊಮ್ಮಗಳಿಗೆ ಒಂದೊಂದೇ ಹೆಸರು ಹೇಳಿಕೊಟ್ಟರು. ಮರಿಗೆಯ ಅಂಚು ಕೈ ಆಡಿ ಆಡಿ ನುಣುಪಾಗಿತ್ತು. ಸುಸ್ತು ಎಲ್ಲಿ ಹೋಯಿತೋ!

ಮನೆಯ ಹಿಂದಿನ ಗುಡ್ಡವೇ ಕವಿಶೈಲ. ಕಾರು ಬೇಕಿಲ್ಲ, ಟಿಕೆಟ್ ಸಾಲೂ ಇಲ್ಲ. ಕಾಡಿನ ನಡುವೆ ನಡೆದೇ ಹತ್ತಿದೆವು. ಮೇಲೆ ಕಲಾವಿದ ಕೆ.ಟಿ. ಶಿವಪ್ರಸಾದ್ ರೂಪಿಸಿದ ದೊಡ್ಡ ದೊಡ್ಡ ಕಲ್ಲುಗಳು, ನಡುವೆ 1994ರಲ್ಲಿ ತೀರಿಕೊಂಡ ಕವಿಯ ಸಮಾಧಿ. ಅಲ್ಲೇ ಬಂಡೆಯ ಮೇಲೆ ಬಿಎಂಶ್ರೀ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಇವರ ಹೆಸರಿನ ಅಕ್ಷರಗಳಿವೆ. ಗುರು ಶಿಷ್ಯರು ಒಟ್ಟಿಗೆ ಕೂತ ಬಂಡೆ. ಮಗಳು ಬೆರಳಿಟ್ಟು "ಕು" ತಿದ್ದಿದಳು. ಕವಿ ಸಂಜೆ ಬಂದು ಕೂರುತ್ತಿದ್ದ ಜಾಗದಲ್ಲೇ ನಾವೂ ಅರ್ಧ ಗಂಟೆ ಸುಮ್ನೆ ಕೂತೆವು. ಕೆಳಗೆ ಮನೆ, ಸುತ್ತ ಕಾಡು. ಆ ಕಾಡನ್ನು ನೋಡದೆ ಈ ಮನೆ ಅರ್ಥವಾಗುವುದಿಲ್ಲ, ಅಲ್ವಾ? ಮಡಿಕೇರಿಯಲ್ಲಿ ನನಗೆ ಸಿಗದೇ ಹೋದದ್ದು ಇದೇ.

ಒಂದೇ ದಿನ ಇದೆ, ಒಂದನ್ನೇ ಆರಿಸಿ ಅಂದರೆ ನನ್ನದು ಕುಪ್ಪಳಿ. ಪುಟ್ಟ ಮಕ್ಕಳಿದ್ದರೆ, ದೂರದ ಪ್ರಯಾಣ ಆಗದಿದ್ದರೆ ಸನ್ನಿಸೈಡ್‌ಗೆ ಹೋಗಿ, ಅಬ್ಬಿ ಬಿಟ್ಟರೂ ನಡೆಯುತ್ತದೆ. ಮಳೆಗಾಲದಲ್ಲಿ ಕುಪ್ಪಳಿಗೆ ಹೋಗುವವರು ಇಂಬಳಕ್ಕೆ (ಜಿಗಣೆಗೆ) ಉಪ್ಪು, ಸುಣ್ಣ ಇಟ್ಟುಕೊಳ್ಳಿ. ಬೆಳಿಗ್ಗೆ ಆರಕ್ಕೇ ಹೊರಡಿ. ನಾವು ಎಂಟಕ್ಕೆ ಹೊರಟು, ಪಕ್ಕದಲ್ಲೇ ಇದ್ದ ತೇಜಸ್ವಿಯವರ ಸ್ಮಾರಕಕ್ಕೆ ಹೋಗಲಾಗದೆ ಬಂದೆವು.