ಕಣದ ರೋಬೋಟಿಗೆ ಐವತ್ತು ರೂಪಾಯಿಯ ಸೆಲ್: ಮೂರು ಕೊಯ್ಲಿನ ಅನುಭವ

ಮೂಡಿಗೆರೆ ಸಮೀಪದ ನಮ್ಮ ಕಾಫಿ ಕಣದಲ್ಲಿ ಒಂದು ರೋಬೋಟ್ ಇದೆ. ಹೆಸರು ದೊಡ್ಡದು; ನೋಡಿದರೆ ನಾಲ್ಕು ಚಕ್ರ ಕಟ್ಟಿದ ಗೋರುಮಣೆ. ಎಂಜಿನಿಯರಿಂಗ್ ಓದುತ್ತಿದ್ದ ತಂಗಿಯ ಮಗ ರಜೆಯಲ್ಲಿ ಮಾಡಿಕೊಟ್ಟದ್ದು. ಬೆಳಿಗ್ಗೆ ಒಂಬತ್ತರಿಂದ ಗಂಟೆಗೊಮ್ಮೆ ಹರಡಿದ ಕಾಫಿಯನ್ನು ಅದು ಕೈಯಾಡಿಸಬೇಕು. ಸಂಜೆ ನಾಲ್ಕೂವರೆಗೆ ಸೈರನ್ ಕೂಗಿದರೆ, ಇಬ್ಬನಿ ಇಳಿಯುವ ಮೊದಲು ನಾವು ಗುಡ್ಡೆ ಮಾಡಿ ಟಾರ್ಪಾಲು ಹೊದಿಸುತ್ತೇವೆ.

ಅದರ ತಲೆ ಆರ್ಡುಯಿನೋ ಮೆಗಾ ಬೋರ್ಡ್, ಅಂದರೆ ಪ್ರೋಗ್ರಾಂ ತುಂಬಿ ಮೋಟಾರು ನಡೆಸುವ ಪುಟ್ಟ ಕಂಪ್ಯೂಟರ್ ಹಲಗೆ. ಈ ಬೋರ್ಡಿನಲ್ಲಿ ಗಡಿಯಾರವಿಲ್ಲ. ಚಾರ್ಜಿಗೆಂದು ಬ್ಯಾಟರಿ ಬಿಚ್ಚಿ ಮತ್ತೆ ಹಾಕಿದಾಗಲೆಲ್ಲ, ಹುಡುಗ ಪ್ರೋಗ್ರಾಂ ತುಂಬಿದ ಹೊತ್ತಿನಿಂದ, ಅಂದರೆ ಎಂಟು ನಲವತ್ತರಿಂದ, ಅದರ ದಿನ ಶುರುವಾಗುತ್ತಿತ್ತು. ಒಮ್ಮೆ ರಾತ್ರಿ ಏಳೂವರೆಗೆ ಬ್ಯಾಟರಿ ಹಾಕಿ ಊಟಕ್ಕೆ ಕುಳಿತಿದ್ದೆವು. ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಕತ್ತಲೆಯಲ್ಲಿ ಹೊರಟು ಟಾರ್ಪಾಲನ್ನೇ ಗೋರಿ ಎಳೆಯತೊಡಗಿತು. “ಗೌಡರೇ, ಇದಕ್ಕೆ ಗಾಳಿ ಹಿಡಿದಿದೆ” ಎಂದು ಕಣ ಕಾಯುವವನು ಓಡಿ ಬಂದ.

ಅದಕ್ಕೇ ಡಿಎಸ್3231 ಗಡಿಯಾರದ ಮಾಡ್ಯೂಲ್ ತರಿಸಿ ಜೋಡಿಸಿದ್ದು. ಅಂಗೈಯ ಅರ್ಧದಷ್ಟಿರುವ ನೀಲಿ ಹಲಗೆ. ಬೆನ್ನಿಗೆ ಸಿಆರ್2032 ಎಂಬ, ನಾಣ್ಯದಂತಿರುವ ಸೆಲ್ ಕೂರುವ ಗೂಡು. ಬೋರ್ಡಿಗೆ ನಾಲ್ಕೇ ತಂತಿ. ವಿದ್ಯುತ್ ಇರುವಾಗ ಗಡಿಯಾರ ಬೋರ್ಡಿನಿಂದ ಉಣ್ಣುತ್ತದೆ, ಹೋದಾಗ ಸೆಲ್ಲಿನಿಂದ. ಜೋಡಿಸುವುದು ಹತ್ತು ನಿಮಿಷದ ಕೆಲಸ. ಆದರೆ ನಾನು ಎರಡು ಸಲ ಎಡವಿದೆ.

ಮೊದಲ ಸೆಲ್ ಎರಡು ತಿಂಗಳಲ್ಲಿ ಉಬ್ಬಿತು. ಹೊರತೆಗೆದು ಮೇಜಿನ ಮೇಲಿಟ್ಟರೆ ಸಮನಾಗಿ ಕೂರದೆ ಅಲುಗಾಡುತ್ತಿತ್ತು. ತಪ್ಪು ಸೆಲ್ಲಿನದಲ್ಲ. ಈ ಅಗ್ಗದ ಮಾಡ್ಯೂಲಿನಲ್ಲಿ ಸೆಲ್ಲನ್ನು ಚಾರ್ಜ್ ಮಾಡುವ ದಾರಿಯೊಂದನ್ನು ಇಟ್ಟಿರುತ್ತಾರೆ: ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್, ಅದರ ಹರಿವನ್ನು ತಡೆಯುವ ಒಂದು ರೆಸಿಸ್ಟರ್. ಅದು ಚಾರ್ಜ್ ಆಗುವ ಎಲ್ಐಆರ್2032ಕ್ಕೆ ಸರಿ. ಸಿಆರ್2032 ಚಾರ್ಜ್ ಮಾಡುವ ಜಾತಿಯದೇ ಅಲ್ಲ. 3.3 ವೋಲ್ಟ್ ಕೊಟ್ಟರೆ ಡಯೋಡಿನಲ್ಲಿ ಒಂದಿಷ್ಟು ಇಳಿದು ಸೆಲ್ಲಿಗೆ ಏನೂ ತಲುಪುವುದಿಲ್ಲ. ನಮ್ಮ ಮೆಗಾ ಕೊಡುವುದು 5 ವೋಲ್ಟ್. ಮೂರು ವೋಲ್ಟಿನ ಸೆಲ್ಲಿಗೆ ಹಗಲೆಲ್ಲ ನಾಲ್ಕಕ್ಕೂ ಹೆಚ್ಚು ವೋಲ್ಟ್ ತುರುಕಿದರೆ ಇನ್ನೇನಾದೀತು? ‘201’ ಎಂದು ಅಚ್ಚಾದ, ಅಕ್ಕಿಕಾಳಿಗಿಂತ ಚಿಕ್ಕದಾದ ಆ ರೆಸಿಸ್ಟರನ್ನು ಬೆಸುಗೆ ಕಡ್ಡಿ ತಾಗಿಸಿ ಕಿತ್ತೆ; ಚಾರ್ಜಿನ ದಾರಿ ಕಡಿಯಿತು. ಅದು ಹಾರಿ ಎಲ್ಲಿ ಬಿತ್ತೋ ಇವತ್ತಿಗೂ ಸಿಕ್ಕಿಲ್ಲ. ಮಾರುವವರು ಈ ಒಂದು ಮಾತನ್ನು ಪೊಟ್ಟಣದ ಮೇಲೆ ಬರೆದಿದ್ದರೆ ಸಾಕಿತ್ತು.

ಎರಡನೆಯ ಸೆಲ್ ಚಿಕ್ಕಮಗಳೂರು ಪೇಟೆಯ ಒಂದು ವಾಚ್ ಅಂಗಡಿಯದು. “ಎಲ್ಲ ಒಂದೇ ಸಾರ್” ಎಂದು ಕೊಟ್ಟರು. ರೋಬೋಟನ್ನು ಸಂಜೆ ಎತ್ತಿ ಗೋದಾಮಿನ ಮೆಟ್ಟಿಲು ದಾಟಿಸಿದ ಮರುದಿನ ಮತ್ತೆ ಎಂಟು ನಲವತ್ತು! ಕನ್ನಡಕ ಹಾಕಿಕೊಂಡು ನೋಡಿದರೆ ಸೆಲ್ಲಿನ ಮೇಲೆ 2025 ಎಂದಿದೆ. ಈ ಅಂಕಿಗಳೇ ಅಳತೆ: 20 ಎಂದರೆ ಇಪ್ಪತ್ತು ಮಿಲಿಮೀಟರ್ ಅಗಲ, 25 ಎಂದರೆ ಎರಡೂವರೆ ಮಿಲಿಮೀಟರ್ ದಪ್ಪ. 2032 ಆದರೆ 3.2. ಅಗಲ ಒಂದೇ ಆದ್ದರಿಂದ ಗೂಡಿನಲ್ಲಿ ಕೂತಂತೆ ಕಾಣುತ್ತದೆ, ಕುಲುಕಿದರೆ ತಗಡು ಬಿಡುತ್ತದೆ.

ಮೂರನೆಯದು ಸರಿಯಾದ ಸಿಆರ್2032, ಐವತ್ತು ರೂಪಾಯಿ. ಬಟ್ಟೆಯಲ್ಲಿ ಒರೆಸಿ, ಪ್ಲಸ್ ಮೇಲ್ಮುಖವಾಗಿ ಕೂರಿಸಿದೆ. ಲೋಹದ ಚಿಮಟ ಬಳಸಲಿಲ್ಲ. ಎರಡು ಬದಿಗೂ ಒಟ್ಟಿಗೆ ತಾಗಿದರೆ ಶಾರ್ಟ್. ಅಂದಿನಿಂದ ಎರಡು ಮಳೆಗಾಲ ಕಳೆದಿವೆ. ರೊಬಸ್ಟಾ ಮುಗಿದ ಮೇಲೆ ಏಪ್ರಿಲ್‌ನಿಂದ ನವೆಂಬರ್‌ವರೆಗೆ ರೋಬೋಟಿಗೆ ಗೋದಾಮಿನಲ್ಲಿ ನಿದ್ದೆ, ಸೆಲ್ಲಿಗೆ ಮಾತ್ರ ಕೆಲಸ. ಈ ಸಲ ಹೊರತೆಗೆದು ಮೊಬೈಲ್ ಪಕ್ಕ ಹಿಡಿದಾಗ ಇಪ್ಪತ್ತೈದು ಸೆಕೆಂಡು ಮುಂದಿತ್ತು. ಈ ಗಡಿಯಾರದ ಚಿಪ್ ತಯಾರಿಸುವವರ ಹೇಳಿಕೆ ಹತ್ತು ಲಕ್ಷಕ್ಕೆ ಎರಡು ಪಾಲು ತಪ್ಪು, ಅಂದರೆ ವರ್ಷಕ್ಕೆ ಸುಮಾರು ಒಂದು ನಿಮಿಷ. ಮಾತು ಉಳಿಸಿಕೊಂಡಿದೆ. ಸೆಲ್ ಇನ್ನೂ ಮೂರು ವೋಲ್ಟಿನ ಮೇಲಿದೆ. ಬದಲಿಸುವಾಗ ಬೋರ್ಡಿಗೆ ವಿದ್ಯುತ್ ಕೊಟ್ಟೇ ಬದಲಿಸುತ್ತೇನೆ, ಇಲ್ಲದಿದ್ದರೆ ಮತ್ತೆ ಎಂಟು ನಲವತ್ತೇ.

ನಮ್ಮ ಮಳೆಗೆ ಪಿನ್ನುಗಳು ಹಸಿರುಗಟ್ಟಿದವು. ಈಗ ಮಾಡ್ಯೂಲ್ ಇರುವುದು ಉಪ್ಪಿನಕಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಜೊತೆಗೆ ಹೊಸ ಬೂಟಿನ ಪೆಟ್ಟಿಗೆಯಲ್ಲಿ ಬಂದ ಸಿಲಿಕಾ ಜೆಲ್ ಚೀಲ. ಹಳೆಯ ಸೆಲ್ಲುಗಳಿಗೆ ಟೇಪ್ ಸುತ್ತಿ ಎತ್ತರದ ಅಟ್ಟದ ಮೇಲಿಟ್ಟಿದ್ದೇನೆ. ಮೊಮ್ಮಗಳಿಗೆ ಎರಡು ವರ್ಷ. ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಟ್ಟುಹೋಗಬಹುದು.

ಮಾಡ್ಯೂಲಿಗೆ ಐದಕ್ಕೆ ನಾಲ್ಕು ನಕ್ಷತ್ರ. ಒಂದನ್ನು ಆ ರೆಸಿಸ್ಟರಿಗಾಗಿ ಕಡಿದಿದ್ದೇನೆ. ಸೈರನ್ ಈಗ ನಾಲ್ಕೂವರೆಗೇ ಕೂಗುತ್ತದೆ. ಆದರೆ ಕಣ ಕಾಯುವವನಿಗೆ ಇನ್ನೂ ನಂಬಿಕೆ ಬಂದಿಲ್ಲ. ನಾಲ್ಕು ಇಪ್ಪತ್ತಕ್ಕೇ ಟಾರ್ಪಾಲು ಹಿಡಿದು ನಿಂತಿರುತ್ತಾನೆ.