ಢಾಕಾದ ಮುಕ್ತಿಯುದ್ಧ ಮ್ಯೂಸಿಯಂ: ನೋಡಲೇಬೇಕು, ಆದರೆ ತಯಾರಾಗಿ ಹೋಗಿ

1971ರಲ್ಲಿ ಬಾಂಗ್ಲಾದೇಶ ಪಾಕಿಸ್ತಾನದಿಂದ ಬಿಡುಗಡೆ ಪಡೆದ ಯುದ್ಧದ ಕಥೆ ಹೇಳುವ ಮ್ಯೂಸಿಯಂ ಇದು. ಆಗಾರಗಾಂವ್ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ಹತ್ತಿರ. ಭಾನುವಾರ ರಜೆ. ಮೂರು ಗಂಟೆಯಾದರೂ ಬಿಡುವು ಇಟ್ಟುಕೊಳ್ಳಿ. ಎಂಟು ಜನ ಟ್ರಸ್ಟಿಗಳು ಸೇರಿ 1996ರಲ್ಲಿ ಸೆಗುನ್‌ಬಾಗಿಚಾದಲ್ಲಿ ಶುರು ಮಾಡಿದ ಸಂಸ್ಥೆ ಇದು. ಈಗಿನ ಕಟ್ಟಡಕ್ಕೆ ಬಂದದ್ದು 2017ರಲ್ಲಿ.

ನಾಲ್ಕು ಗ್ಯಾಲರಿಗಳನ್ನೂ ಕ್ರಮವಾಗಿಯೇ ನೋಡಿ. 1971ರ ಮಾರ್ಚ್ 25ರ ರಾತ್ರಿ ಪಾಕ್ ಸೇನೆ ಢಾಕಾದಲ್ಲಿ ನಡೆಸಿದ ಹತ್ಯಾಕಾಂಡ ಎರಡನೆಯದರಲ್ಲಿದೆ. ಅಲ್ಲೇ ದಣಿದುಹೋಗುವ ಹೆಚ್ಚಿನವರು ಕೊನೆಯ ಗ್ಯಾಲರಿಯನ್ನು ಓಡುತ್ತಾ ಮುಗಿಸುತ್ತಾರೆ. ಗೆಲುವಿನ ಜೊತೆಗೆ ದೇಶದ ಮೌಲ್ಯಗಳ ಮಾತು ಬರುವುದೇ ಅಲ್ಲಿ, ಹಾಗಾಗಿ ನಡುವೆ ಕೂತು ಸುಧಾರಿಸಿಕೊಳ್ಳಿ.

ಪ್ರದರ್ಶನದ ಕಣ್ಣೆಲ್ಲ 1971ರ ಮೇಲೆ. ಮುಂದಿನ ಐವತ್ತು ವರ್ಷವನ್ನು ನೀವೇ ಓದಿಕೊಂಡು ಹೋಗಬೇಕು. ರಜಾಕಾರ ಎಂದರೆ ಕಲ್ಯಾಣ ಕರ್ನಾಟಕದವರಿಗೆ ನಿಜಾಮನ ಕಾಲ ನೆನಪಾಗುತ್ತದೆ. ಇಲ್ಲಿ ಅವರು ಪಾಕ್ ಸೇನೆಗೆ ನೆರವಾದ ಪಡೆಯವರು. ಯುದ್ಧ ಮುಗಿದ ಮೇಲೂ ಸಮಾಜ 'ಮುಕ್ತಿಜೋದ್ಧಾ' (ಬಿಡುಗಡೆಗಾಗಿ ಹೋರಾಡಿದವರು) ಮತ್ತು 'ರಜಾಕಾರ' ಎಂದು ಎರಡು ಪಾಲಾಗಿಯೇ ಉಳಿಯಿತು. 1972ರಲ್ಲಿ ಹೋರಾಟಗಾರರಿಗೆ ಕೊಟ್ಟ 30% ಉದ್ಯೋಗ ಮೀಸಲಾತಿ ಮಕ್ಕಳಿಗೆ, ಆಮೇಲೆ ಮೊಮ್ಮಕ್ಕಳಿಗೂ ದಾಟಿತು. ಕೆಲಸ ಸಿಗದ ಹುಡುಗರಿಗೆ ಅದು ಗೌರವವಾಗಿ ಕಾಣಲಿಲ್ಲ, ಆಳುವ ಪಕ್ಷದವರ ಆಸ್ತಿಯಾಗಿ ಕಂಡಿತು. 2013ರಲ್ಲಿ ಶಾಹಬಾಗ್‌ನಲ್ಲಿ ಯುವಜನ ರಜಾಕಾರರನ್ನು ಗಲ್ಲಿಗೇರಿಸಿ ಎಂದು ಕೂಗಿದ್ದರು. 2024ರ ಜುಲೈ 14ರಂದು, ಮೀಸಲಾತಿಯು ಮುಕ್ತಿಜೋದ್ಧಾಗಳ ಮೊಮ್ಮಕ್ಕಳಿಗಲ್ಲದೆ ರಜಾಕಾರರ ಮೊಮ್ಮಕ್ಕಳಿಗೆ ಸಿಗಬೇಕೇ ಎಂದು ಆಗಿನ ಪ್ರಧಾನಿ ಶೇಖ್ ಹಸೀನಾ ಕೇಳಿದ್ದೇ ತಡ, ಮೀಸಲಾತಿಯನ್ನು ವಿರೋಧಿಸುತ್ತಿದ್ದ ಢಾಕಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 'ನೀನ್ಯಾರು, ನಾನ್ಯಾರು? ರಜಾಕಾರ!' ಎಂದು ವ್ಯಂಗ್ಯವಾಗಿ ಕೂಗುತ್ತಾ ಬೀದಿಗಿಳಿದರು. ಜುಲೈ 21ಕ್ಕೆ ಸುಪ್ರೀಂ ಕೋರ್ಟ್ ಆ ಮೀಸಲಾತಿಯನ್ನು 5%ಕ್ಕೆ ಇಳಿಸಿತು. ಆಗಸ್ಟ್ 5ಕ್ಕೆ ಹಸೀನಾ ದೇಶ ಬಿಟ್ಟರು. ಇಷ್ಟು ತಿಳಿದಿದ್ದರೆ ಗ್ಯಾಲರಿಯ ಒಂದೊಂದು ಫೋಟೋದ ಮುಂದೆಯೂ ಹೆಚ್ಚು ಹೊತ್ತು ನಿಲ್ಲುತ್ತೀರಿ.

ಇದೇ ಸಂಸ್ಥೆ ನೋಡಿಕೊಳ್ಳುವ ಮೀರ್‌ಪುರ್-10ರ ಜಲ್ಲಾದ್‌ಖಾನಾ ತಪ್ಪಿಸಬೇಡಿ. ಅದು 1971ರಲ್ಲಿ ಜನರನ್ನು ಕೊಂದು ಹಾಕಿದ ಹಳೇ ಪಂಪ್‌ಹೌಸ್. 1999ರಲ್ಲಿ ಅಗೆದಾಗ 70 ತಲೆಬುರುಡೆ ಸಿಕ್ಕವು. ದೇಶ ಗೆದ್ದ ಮೇಲೂ ಮೀರ್‌ಪುರ್ ಬಿಡುಗಡೆಯಾದದ್ದು 1972ರ ಜನವರಿ 31ಕ್ಕೆ. ಸುತ್ತಮುತ್ತಲ ಶಿಬಿರಗಳಲ್ಲಿ ದೇಶ ವಿಭಜನೆಯ ಕಾಲದಲ್ಲಿ ಬಂದು ನೆಲೆಸಿದ, ಉರ್ದು ಮಾತಾಡುವ ಬಿಹಾರಿಗಳಿದ್ದಾರೆ. ಪಾಕಿಸ್ತಾನದ ಪರ ಎಂಬ ಹಣೆಪಟ್ಟಿಯಿಂದಾಗಿ ಅಲ್ಲೇ ಹುಟ್ಟಿದ ಮಕ್ಕಳೂ ಮತದಾನದ ಹಕ್ಕಿಗೆ 2008ರ ಹೈಕೋರ್ಟ್ ತೀರ್ಪಿನವರೆಗೆ ಕಾಯಬೇಕಾಯಿತು. ಮ್ಯೂಸಿಯಂ ಶಾಲಾ ಮಕ್ಕಳಿಂದ ಹಿರಿಯರ ನೆನಪುಗಳನ್ನು ಬರೆಸಿ ಸಂಗ್ರಹಿಸುತ್ತದೆ, ಬಹಳ ಒಳ್ಳೆಯ ಕೆಲಸ. ಆ ಕಡತಕ್ಕೆ ಈ ಶಿಬಿರಗಳ ಅಜ್ಜಿ-ತಾತಂದಿರ ಮಾತೂ ಧಾರಾಳವಾಗಿ ಸೇರಬೇಕು.