ಜೆಪಿಎ, ಜೂಕ್, ಜೆಡಿಬಿಸಿ ಕ್ಲೈಂಟ್: ಬ್ಯಾಡಗಿ ಅಂಗಡಿಯ ಲೆಕ್ಕಕ್ಕೆ ಯಾವುದು ಉಳಿಯಿತು

ಜೆಪಿಎ, ಜೂಕ್, ಜೆಡಿಬಿಸಿ ಕ್ಲೈಂಟ್ ಅಂದರೆ ಜಾವಾ ಪ್ರೋಗ್ರಾಂ ಡೇಟಾಬೇಸ್ ಜೊತೆ ಮಾತಾಡುವ ಮೂರು ದಾರಿಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಜೆಡಿಬಿಸಿ ಕ್ಲೈಂಟ್‌ಗೆ. ಡೇಟಾಬೇಸ್‌ಗೆ ಪ್ರಶ್ನೆ (ಕ್ವೆರಿ) ಕೇಳುವ ಭಾಷೆಯಾದ ಎಸ್‌ಕ್ಯೂಎಲ್ ನಾನೇ ಬರೆಯುತ್ತೇನೆ, ಉತ್ತರ ಜಾವಾ ರೆಕಾರ್ಡ್‌ನಲ್ಲಿ, ಅಂದರೆ ಮಾಹಿತಿ ಹಿಡಿದಿಡುವ ಒಂದು ಸರಳ ಕ್ಲಾಸ್‌ನಲ್ಲಿ, ಬಂದು ಕೂರುತ್ತದೆ, ನನಗೆ ಅಷ್ಟು ಸಾಕು. ಆದರೆ ಇದು ಗೊತ್ತಾಗಲು ಒಂದು ಪೂರ್ತಿ ಮೆಣಸಿನಕಾಯಿ ಸೀಸನ್ ಬೇಕಾಯಿತು.

ನಾನಿರುವುದು ಹುಬ್ಬಳ್ಳಿಯಲ್ಲಿ. ಕೆಲಸ ಬ್ಯಾಡಗಿಯ ಒಂದು ದಲಾಲಿ ಅಂಗಡಿಯದು. ರೈತರು ಚೀಲ ಇಳಿಸುತ್ತಾರೆ, ಲಾಟ್ ನಂಬರ್ ಬೀಳುತ್ತದೆ, ಟೆಂಡರ್‌ನಲ್ಲಿ ದರ ಆಗುತ್ತದೆ, ಆಮೇಲೆ ತೂಕ, ಕೊನೆಗೆ ಲೆಕ್ಕದ ಚೀಟಿ. ಹುಡುಗರು ಮೊಬೈಲ್ ಹಿಡಿದು ಕಾಟಾ ಪಕ್ಕದಲ್ಲಿ ನಿಂತು ತೂಕ ಬರೆಯುತ್ತಾರೆ, ಅದು ಬಂದು ಬೀಳುವುದು ನಾನು ಸ್ಪ್ರಿಂಗ್ ಬೂಟ್‌ನಲ್ಲಿ (ಜಾವಾದ ಒಂದು ಫ್ರೇಮ್‌ವರ್ಕ್) ಬರೆದ ಎಪಿಐಗೆ, ಅಂದರೆ ಮೊಬೈಲ್‌ನ ಕರೆಗೆ ಉತ್ತರ ಕೊಡುವ ಸರ್ವರ್ ಪ್ರೋಗ್ರಾಂಗೆ, ಅದರ ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಬಾಡಿಗೆ ಸರ್ವರ್, 2 ಜಿಬಿ ಮೆಮೊರಿ. ಅದಕ್ಕಿಂತ ದೊಡ್ಡದು ಸಾಹುಕಾರರಿಗೂ ಬೇಡ, ನನಗೂ ಬೇಡ. ಇದೇ ಲಾಟ್ ಮತ್ತು ತೂಕದ ಭಾಗವನ್ನು ನಾನು ಮೂರು ರೀತಿ ಬರೆದು ನೋಡಿದೆ. ಮೊದಲು ಸ್ಪ್ರಿಂಗ್ ಡೇಟಾ ಜೆಪಿಎ, ಅಂದರೆ ಒಳಗೆ ಹೈಬರ್ನೇಟ್, ಜಾವಾ ಕ್ಲಾಸ್ ನೋಡಿ ಎಸ್‌ಕ್ಯೂಎಲ್ ತಾನೇ ಬರೆಯುವ ಲೈಬ್ರರಿ. ಆಮೇಲೆ ಜೂಕ್. ಕೊನೆಗೆ ಜೆಡಿಬಿಸಿ ಕ್ಲೈಂಟ್.

ಜೆಪಿಎ ಶುರುವಿನಲ್ಲಿ ಬಹಳ ಸಲೀಸು. ರೈತರ ಹೆಸರು, ಊರು, ಫೋನ್ ನಂಬರ್ ಸೇರಿಸುವುದು, ತಿದ್ದುವುದು ಎಲ್ಲ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಒಂದು ಇಂಟರ್‌ಫೇಸ್ ಬರೆದರೆ ಸಾಕು, ಒಂದು ಸಾಲು ಎಸ್‌ಕ್ಯೂಎಲ್ ಇಲ್ಲ. ಡಿಸೆಂಬರ್‌ವರೆಗೆ ನಾನು ಖುಷಿಯಾಗಿಯೇ ಇದ್ದೆ.

ಬ್ಯಾಡಗಿ ಮಾರುಕಟ್ಟೆ ಜೋರಾಗಿರುವುದು ಸೋಮವಾರ ಮತ್ತು ಗುರುವಾರ. ಫೆಬ್ರವರಿಯ ಒಂದು ಗುರುವಾರ ಸಂಜೆ ಅಂಗಡಿಯ ಗುಮಾಸ್ತರು ಫೋನ್ ಮಾಡಿದರು. "ತಮ್ಮಾ, ಚೀಟಿ ಬರವಲ್ದು, ರೈತ್ರು ಪಾಳಿ ಹಚ್ಚಿ ನಿಂತಾರ." ಲಾಗ್ ತೆಗೆದರೆ ಒಂದೇ ದೂರು, ಸಾಲು ಸಾಲಾಗಿ: ಕನೆಕ್ಷನ್ ಸಿಗುತ್ತಿಲ್ಲ, 30000 ಮಿಲಿಸೆಕೆಂಡ್ ಕಾದು ಬಿಟ್ಟೆ. ಇದು ಹಿಕಾರಿ ಪೂಲ್‌ನ ಮಾತು, ಡೇಟಾಬೇಸ್‌ಗೆ ಕನೆಕ್ಷನ್‌ಗಳನ್ನು ತೆರೆದಿಟ್ಟು, ಕೇಳಿದವರಿಗೆ ಕೊಟ್ಟು ವಾಪಸ್ ಪಡೆಯುವುದು ಅದರ ಕೆಲಸ. ಹಿಕಾರಿ ತಾನಾಗಿ ಇಡುವುದು 10 ಕನೆಕ್ಷನ್, ಕಾಯುವುದು 30 ಸೆಕೆಂಡ್. ನಾನು ಎರಡನ್ನೂ ಮುಟ್ಟಿರಲಿಲ್ಲ.

ಸರಿ, ಜನ ಜಾಸ್ತಿ ಆಗಿದ್ದಾರೆ ಅಂದುಕೊಂಡು 10 ಇದ್ದದ್ದನ್ನು 20 ಮಾಡಿದೆ. ಸೋಮವಾರದ ಮಾರುಕಟ್ಟೆ ಸುಸೂತ್ರ ಆಯಿತು. ಮುಂದಿನ ಗುರುವಾರ ಮತ್ತೆ ಅದೇ ಫೋನ್.

ಈ ಸಲ ರೈಲು ಹತ್ತಿ ಬ್ಯಾಡಗಿಗೇ ಹೋದೆ. ಅಂಗಡಿಯ ಗಾದಿ ಮೇಲೆ ಕೂತು, ಮೆಣಸಿನಕಾಯಿ ಘಾಟಿಗೆ ಕರವಸ್ತ್ರ ಕಟ್ಟಿಕೊಂಡು, ಲ್ಯಾಪ್‌ಟಾಪ್ ತೊಡೆ ಮೇಲಿಟ್ಟು ಪೋಸ್ಟ್‌ಗ್ರೆಸ್‌ನ ಪಿಜಿ ಸ್ಟ್ಯಾಟ್ ಆಕ್ಟಿವಿಟಿ, ಅಂದರೆ ಯಾವ ಕನೆಕ್ಷನ್ ಏನು ಮಾಡುತ್ತಿದೆ ಅನ್ನುವ ಪಟ್ಟಿ, ನೋಡಿದೆ. ನಾನು ಯಾವುದೋ ಭಾರೀ ಕ್ವೆರಿ ಓಡುತ್ತಿರಬೇಕು, ಎಲ್ಲೋ ಒಂದು ಇಂಡೆಕ್ಸ್ ಬಿಟ್ಟಿರಬೇಕು ಅಂತ ಲೆಕ್ಕ ಹಾಕಿದ್ದೆ. ನೋಡಿದರೆ 20 ಸಾಲು, ಇಪ್ಪತ್ತರ ಎದುರಿಗೂ 'ಐಡಲ್'. ಡೇಟಾಬೇಸ್ ಸುಮ್ನೆ ಕೂತಿತ್ತು! ಒಂದು ಕ್ವೆರಿಯೂ ಓಡುತ್ತಿರಲಿಲ್ಲ, ಆದರೂ ಒಂದು ಕನೆಕ್ಷನ್ ಖಾಲಿ ಇರಲಿಲ್ಲ.

ಆಮೇಲೆ ಜೆ-ಸ್ಟ್ಯಾಕ್ ಹೊಡೆದು ಥ್ರೆಡ್‌ಗಳು, ಅಂದರೆ ಒಂದೊಂದು ರಿಕ್ವೆಸ್ಟ್ ಓಡಿಸುವ ಎಳೆಗಳು, ಎಲ್ಲಿ ನಿಂತಿವೆ ಅಂತ ನೋಡಿದೆ. ಇಪ್ಪತ್ತೂ ಎಸ್‌ಎಂಎಸ್ ಕಳಿಸುವ ಕಂಪನಿಯ ಉತ್ತರಕ್ಕೆ ಕಾಯುತ್ತಿದ್ದವು. ತೂಕ ಉಳಿದ ಕೂಡಲೇ ರೈತರ ಫೋನಿಗೆ ದರ, ತೂಕ, ಮೊತ್ತ ಹೋಗಲಿ ಅಂತ ರಿಕ್ವೆಸ್ಟ್ ಹಿಡಿಯುವ ಕಂಟ್ರೋಲರ್‌ನಲ್ಲೇ ಆ ಕರೆ ಹಾಕಿದ್ದೆ. ಸಂಜೆ ಹೊತ್ತು ಅವರ ಕಡೆಯಿಂದ ಉತ್ತರ 20-25 ಸೆಕೆಂಡ್ ತಡವಾಗುತ್ತಿತ್ತು. ತಡವಾದರೆ ಹುಡುಗರು ಬಟನ್ ಮತ್ತೆ ಒತ್ತುತ್ತಾರೆ, ಅಲ್ವಾ? ಅದೇ ತೂಕವನ್ನೇ ಮತ್ತೆ ಬರೆಯುವುದರಿಂದ ಲೆಕ್ಕ ಕೆಡಲಿಲ್ಲ, ಆದರೆ ಇನ್ನೊಂದು ಕರೆ ಹೊರಟು ಇನ್ನೊಂದು ಕನೆಕ್ಷನ್ ಹಿಡಿದುಕೊಂಡಿತು.

ಆದರೆ ತೂಕ ಉಳಿಸುವ ಟ್ರಾನ್ಸಾಕ್ಷನ್ (ಒಟ್ಟಿಗೆ ಉಳಿಯುವ ಇಲ್ಲವೇ ಒಟ್ಟಿಗೆ ರದ್ದಾಗುವ ಬದಲಾವಣೆಗಳ ಗುಂಪು) ಎಸ್‌ಎಂಎಸ್‌ಗೆ ಮೊದಲೇ ಮುಗಿದಿತ್ತು. ಹಾಗಾದರೆ ಕನೆಕ್ಷನ್ ಯಾಕೆ ವಾಪಸ್ ಹೋಗಲಿಲ್ಲ? ಇಲ್ಲೇ ಇದೆ ಗಂಟು. ಸ್ಪ್ರಿಂಗ್ ಬೂಟ್‌ನಲ್ಲಿ ಜೆಪಿಎ ಹಾಕಿಕೊಂಡರೆ ಓಪನ್-ಇನ್-ವ್ಯೂ ಅನ್ನುವ ಸೆಟ್ಟಿಂಗ್ ತಾನಾಗಿ ಆನ್ ಇರುತ್ತದೆ. ರಿಕ್ವೆಸ್ಟ್ ಬಂದಾಗ ತೆರೆದ ಹೈಬರ್ನೇಟ್ ಸೆಷನ್ ಉತ್ತರ ಹೊರಗೆ ಹೋಗುವವರೆಗೂ ತೆರೆದೇ ಇರುತ್ತದೆ, ಮೊದಲ ಕ್ವೆರಿಗೆ ತೆಗೆದುಕೊಂಡ ಕನೆಕ್ಷನ್ನನ್ನೂ ಅಲ್ಲಿಯವರೆಗೆ ಬಿಡುವುದಿಲ್ಲ. ಕಮಿಟ್ ಆಗಿದ್ದರೂ, ಅಂದರೆ ಟ್ರಾನ್ಸಾಕ್ಷನ್ ಉಳಿದು ಮುಗಿದಿದ್ದರೂ, ಬಿಡುವುದಿಲ್ಲ. ಎಪಿಐ ಎದ್ದಾಗಲೆಲ್ಲ ಈ ಬಗ್ಗೆ ಲಾಗ್‌ನಲ್ಲಿ ಒಂದು ಎಚ್ಚರಿಕೆಯ ಸಾಲು ಬರುತ್ತದೆ. ನವೆಂಬರ್‌ನಿಂದ ದಿನಾ ನನ್ನ ಕಣ್ಣ ಮುಂದೆಯೇ ಹಾದುಹೋಗಿತ್ತು.

ಎಸ್‌ಎಂಎಸ್ ಕರೆಯನ್ನು ಅಲ್ಲಿ ಇಟ್ಟದ್ದು ನನ್ನ ತಪ್ಪೇ. ಈಗ ಕಳಿಸಬೇಕಾದ ಸಂದೇಶ ಒಂದು ಟೇಬಲ್‌ಗೆ ಬೀಳುತ್ತದೆ, ಹಿಂದೆ ಒಂದು ಕೆಲಸ ಅದನ್ನು ಎತ್ತಿ ಕಳಿಸುತ್ತದೆ, 5 ಸೆಕೆಂಡ್‌ನಲ್ಲಿ ಉತ್ತರ ಬರದಿದ್ದರೆ ಬಿಟ್ಟು ಮತ್ತೆ ಪ್ರಯತ್ನಿಸುತ್ತದೆ. ಆದರೆ ಕನೆಕ್ಷನ್ ಯಾರ ಕೈಯಲ್ಲಿದೆ ಅನ್ನುವುದು ನಾನು ಬರೆದ ಕೋಡ್ ಓದಿದರೆ ಕಾಣುತ್ತಲೇ ಇರಲಿಲ್ಲ, ನನ್ನ ಸಿಟ್ಟು ಅದಕ್ಕೆ. ಜೆಡಿಬಿಸಿ ಕ್ಲೈಂಟ್‌ನಲ್ಲಿ ಟ್ರಾನ್ಸಾಕ್ಷನ್ ಇಲ್ಲದಿದ್ದರೆ ಪ್ರತಿ ಕ್ವೆರಿ ಕನೆಕ್ಷನ್ ತೆಗೆದುಕೊಂಡು, ಮುಗಿದ ಕೂಡಲೇ ವಾಪಸ್ ಇಡುತ್ತದೆ. ಟ್ರಾನ್ಸಾಕ್ಷನ್ ಒಳಗೇ ಎಸ್‌ಎಂಎಸ್ ಕರೆದರೆ ಅಲ್ಲೂ ಇದೇ ಗತಿ, ನಿಜ. ಆದರೆ ಅದು ನನ್ನ ಫೈಲ್‌ನಲ್ಲೇ ಬರೆದಿರುತ್ತದೆ, ಕಣ್ಣಿಗೆ ಬೀಳುತ್ತದೆ.

ಓಪನ್-ಇನ್-ವ್ಯೂ ಆಫ್ ಮಾಡಿದೆ. ಹುಬ್ಬಳ್ಳಿಗೆ ವಾಪಸ್ ಬರುವಷ್ಟರಲ್ಲಿ ನಾಲ್ಕು ಕಡೆ ಲೇಜಿ ಇನಿಶಿಯಲೈಸೇಷನ್ ಎಕ್ಸೆಪ್ಷನ್, ಅಂದರೆ ಬೇಕಾದಾಗ ತರೋಣ ಅಂತ ಬಿಟ್ಟ ಮಾಹಿತಿ ತರಲಾಗದ ದೋಷ. ಲಾಟ್‌ಗೆ ಸೇರಿದ ಚೀಲಗಳ ಪಟ್ಟಿಯನ್ನು ಮೊಬೈಲ್‌ಗೆ ಕಳಿಸುವ ಜೇಸನ್ ಪಠ್ಯ ಮಾಡುವಾಗ ಸೆಷನ್ ಮುಚ್ಚಿಹೋಗಿರುತ್ತದೆ, ಅದಕ್ಕೆ. ಲಾಟ್ ಜೊತೆಗೇ ಚೀಲಗಳನ್ನೂ ತರುವ ಜಾಯಿನ್ ಫೆಚ್ ಹಾಕಿ ಸರಿ ಮಾಡಿದೆ. ಹಾಕಿದ ಮೇಲೆ ಪುಟ ಪುಟವಾಗಿ ತೋರಿಸುವ ಲಾಟ್ ಪಟ್ಟಿಯಲ್ಲಿ ಹೈಬರ್ನೇಟ್ ಹೊಸ ಎಚ್ಚರಿಕೆ ಕೊಟ್ಟಿತು: ಎಲ್ಲ ಸಾಲುಗಳನ್ನೂ ಮೆಮೊರಿಗೆ ತಂದು ಅಲ್ಲಿ ಪುಟ ಕತ್ತರಿಸುತ್ತೇನೆ ಅಂತ. 2 ಜಿಬಿ ಸರ್ವರ್‌ನಲ್ಲಿ ಇಡೀ ಸೀಸನ್ನಿನ ಚೀಲಗಳನ್ನು ಮೆಮೊರಿಗೆ ತರುವುದೇ? ಆ ಒಂದು ಕ್ವೆರಿಯನ್ನು ಅವತ್ತು ರಾತ್ರಿಯೇ ಜೆಡಿಬಿಸಿ ಕ್ಲೈಂಟ್‌ನಲ್ಲಿ ಕೈಯಾರೆ ಬರೆದೆ.

ಪೂರ್ತಿ ಅದಕ್ಕೇ ವಾಲುವ ಮುಂಚೆ ಜೂಕ್ ಕೂಡ ಎರಡು ವಾರ ನೋಡಿದೆ, ಯಾಕೆಂದರೆ ಗೆಳೆಯರೊಬ್ಬರು ಬಹಳ ಹೊಗಳಿದ್ದರು. ಹೊಗಳಿಕೆ ಸುಳ್ಳಲ್ಲ. ನಿಮ್ಮ ಟೇಬಲ್‌ಗಳನ್ನು ಓದಿ ಅದು ಜಾವಾ ಕ್ಲಾಸ್‌ಗಳನ್ನು ಹುಟ್ಟಿಸುತ್ತದೆ, ಕಾಲಂ ಹೆಸರು ತಪ್ಪಿದರೆ ಕಂಪೈಲ್ ಆಗುವುದೇ ಇಲ್ಲ. ಕಡ್ಡಿ ಮೆಣಸಿನಕಾಯಿ ಮಾತ್ರ ತೋರಿಸು, ಡಬ್ಬಿ ಮೆಣಸಿನಕಾಯಿ ಮಾತ್ರ ತೋರಿಸು, ಇಂಥ ಖರೀದಿದಾರರದ್ದು, ಇಂಥ ದಿನದ್ದು ಅಂತ ಬೇಕಾದಾಗ ಬೇಕಾದ ಷರತ್ತು ಸೇರಿಸುವ ಹುಡುಕಾಟಕ್ಕೆ ಮೂರರಲ್ಲಿ ಇದೇ ಚೆಂದ, ಇದರಲ್ಲಿ ಎರಡು ಮಾತಿಲ್ಲ. ಪೋಸ್ಟ್‌ಗ್ರೆಸ್ ಜೊತೆ ಬಳಸಿದರೆ ಜೂಕ್‌ಗೆ ದುಡ್ಡು ಕೊಡಬೇಕಿಲ್ಲ. ಒರಾಕಲ್ ಅಥವಾ ಎಸ್‌ಕ್ಯೂಎಲ್ ಸರ್ವರ್ ಆದರೆ ಲೈಸೆನ್ಸ್ ಕೊಳ್ಳಬೇಕು. ನನಗೆ ಆಗಿಬರದಿದ್ದದ್ದು ಆ ಹುಟ್ಟಿಸುವ ಹಂತ. ನಾನು ಅದನ್ನು ಜೋಡಿಸಿಕೊಂಡದ್ದು ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿ ಓಡಿಸುವ ಸಲಕರಣೆ) ಡೇಟಾಬೇಸ್ ಎಬ್ಬಿಸಿ, ಟೇಬಲ್ ಕಟ್ಟುವ, ಬದಲಿಸುವ ಮೈಗ್ರೇಷನ್ ಓಡಿಸಿ, ಆಮೇಲೆ ಕ್ಲಾಸ್ ಬರೆಸುವ ಹಾಗೆ. ನನ್ನ ಜೊತೆ ಕೆಲಸ ಕಲಿಯುವ ಹುಡುಗನ ಲ್ಯಾಪ್‌ಟಾಪ್ 8 ಜಿಬಿಯದು, ಒಂದು ಕಾಲಂ ಸೇರಿಸಿದರೆ ಅವನು ಚಹಾ ಕುಡಿದು ಬರುವಷ್ಟು ಹೊತ್ತು ಕಾಯಬೇಕಿತ್ತು. ನಾಲ್ಕೈದು ಜನರ ತಂಡ, ಐವತ್ತು ಟೇಬಲ್ ಇದ್ದಿದ್ದರೆ ನಾನು ಜೂಕ್ ಬಿಡುತ್ತಿರಲಿಲ್ಲ. ನನ್ನವು 11 ಟೇಬಲ್.

ಜೆಡಿಬಿಸಿ ಕ್ಲೈಂಟ್ ಬಂದದ್ದು 2023ರಲ್ಲಿ, ಸ್ಪ್ರಿಂಗ್ 6.1ರ ಜೊತೆ. ಅಂದರೆ ಸ್ಪ್ರಿಂಗ್ ಬೂಟ್ 3.2 ಅಥವಾ ಅದಕ್ಕಿಂತ ಹೊಸದು ಬೇಕು. ಮೂರು ಉದ್ಧರಣ ಚಿಹ್ನೆಯ ಟೆಕ್ಸ್ಟ್ ಬ್ಲಾಕ್‌ನಲ್ಲಿ ಎಸ್‌ಕ್ಯೂಎಲ್ ಬರೆಯಿರಿ, ಹೆಸರಿಟ್ಟ ಪ್ಯಾರಾಮೀಟರ್ ಕೊಡಿ, ರೆಕಾರ್ಡ್ ಹೆಸರು ಹೇಳಿ, ಮುಗಿಯಿತು. ಅದೇ ಕ್ವೆರಿಯನ್ನು ಎತ್ತಿ ನೇರ ಪೋಸ್ಟ್‌ಗ್ರೆಸ್‌ನಲ್ಲಿ ಓಡಿಸಿ ನೋಡಬಹುದು, ಎಕ್ಸ್‌ಪ್ಲೇನ್ ಹಾಕಿ ಡೇಟಾಬೇಸ್ ಅದನ್ನು ಹೇಗೆ ಓಡಿಸುತ್ತದೆ ಅಂತ ತಿಳಿಯಬಹುದು. ನನಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಕೊರತೆಗಳೂ ಇವೆ. ಒಂದೇ ಸಲಕ್ಕೆ ಸಾವಿರ ಸಾಲು ಸೇರಿಸುವ ಬ್ಯಾಚ್ ಇದರಲ್ಲಿ ಇಲ್ಲ, ಅದಕ್ಕೆ ಹಳೆಯ ಜೆಡಿಬಿಸಿ ಟೆಂಪ್ಲೇಟ್ ಹತ್ತಿರ ಹೋಗಬೇಕು. ರೆಕಾರ್ಡ್‌ನಲ್ಲಿ ಇಂಟ್ ಅಂತ ಇದ್ದು ಟೇಬಲ್‌ನಲ್ಲಿ ನಲ್ (ಖಾಲಿ) ಇದ್ದರೆ ಅಲ್ಲೇ ಬೀಳುತ್ತದೆ, ಖಾಲಿಯನ್ನೂ ಹಿಡಿಯುವ ಇಂಟೀಜರ್ ಅಂತ ಬರೆಯಿರಿ. ಕಾಲಂ ಹೆಸರು ತಪ್ಪಿದರೆ ಓಡಿಸಿದಾಗಲೇ ಗೊತ್ತಾಗುವುದು, ಹಾಗಾಗಿ ಪ್ರತಿ ಕ್ವೆರಿಗೂ ನಿಜವಾದ ಪೋಸ್ಟ್‌ಗ್ರೆಸ್ ಮೇಲೆ ಒಂದು ಟೆಸ್ಟ್ ಇಟ್ಟಿದ್ದೇನೆ. ಇದನ್ನು ತಪ್ಪಿಸುವ ಹಾಗಿಲ್ಲ.

ಜೆಪಿಎ ಜೊತೆ ಬೆರೆಸಿ ಬಳಸುವವರು ಒಂದು ನೋಡಿಕೊಳ್ಳಿ. ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಜೆಪಿಎಯಿಂದ ತೂಕ ತಿದ್ದಿ, ಕೂಡಲೇ ಜೆಡಿಬಿಸಿ ಕ್ಲೈಂಟ್‌ನಿಂದ ಒಟ್ಟು ಕೇಳಿದರೆ ಹಳೆಯ ಒಟ್ಟು ಬರುತ್ತದೆ, ಯಾಕೆಂದರೆ ಹೈಬರ್ನೇಟ್ ತಿದ್ದಿದ್ದನ್ನು ಇನ್ನೂ ಡೇಟಾಬೇಸ್‌ಗೆ ಕಳಿಸಿರುವುದಿಲ್ಲ. ನಡುವೆ ಫ್ಲಶ್ ಮಾಡಿ, ಅಂದರೆ ತಿದ್ದಿದ್ದನ್ನು ಆಗಲೇ ಕಳಿಸಿಬಿಡಿ. ಒಂದು ಚೀಟಿಯಲ್ಲಿ 38 ಕೆಜಿ ಕಡಿಮೆ ಬಂದು, ಗುಮಾಸ್ತರು ಕೈಲೆಕ್ಕದಲ್ಲಿ ಹಿಡಿದು ಹೇಳಿದ ಮೇಲೆ ನನಗೆ ಇದು ತಿಳಿಯಿತು. ರೈತರ ದುಡ್ಡು ಅದು. ಅವತ್ತು ನಿದ್ದೆ ಬರಲಿಲ್ಲ.

ಹಣಕ್ಕೆ ಮೂರರಲ್ಲೂ ದಶಮಾಂಶವನ್ನು ನಿಖರವಾಗಿ ಹಿಡಿಯುವ ಬಿಗ್ ಡೆಸಿಮಲ್, ಅಂದಾಜಿನ ಡಬಲ್ ಬೇಡವೇ ಬೇಡ.

ನಿಮಗೆ ಎಸ್‌ಕ್ಯೂಎಲ್ ಬರೆಯುವುದು ಬೇಜಾರು, ಪರದೆಗಳೆಲ್ಲ ಬರೀ ಸೇರಿಸು-ತಿದ್ದು-ಅಳಿಸು ಅನ್ನುವುದಾದರೆ ಜೆಪಿಎ ಇಟ್ಟುಕೊಳ್ಳಿ, ಆದರೆ ಮೊದಲ ದಿನವೇ ಓಪನ್-ಇನ್-ವ್ಯೂ ಆಫ್ ಮಾಡಿ. ಆಗ ಆಗುವ ಎಕ್ಸೆಪ್ಷನ್ ನಿಮ್ಮ ಮೇಜಿನ ಮೇಲೆ ಆಗುತ್ತವೆ, ಮಾರುಕಟ್ಟೆಯ ದಿನ ಅಲ್ಲ. ನಾನು ಕಾಲೇಜು ಬಿಟ್ಟಾಗಿನಿಂದ ರಿಪೋರ್ಟ್ ಬರೆದುಕೊಂಡೇ ಬಂದವನು, ನನಗೆ ಕ್ವೆರಿ ಮೊದಲು, ಕ್ಲಾಸ್ ಆಮೇಲೆ. ಸರ್ವರ್ ಚಿಕ್ಕದು, ಕೆಲಸ ಮಾಡುವವರು ಇಬ್ಬರೇ. ರೈತರ ವಿವರದ ಭಾಗ ಇನ್ನೂ ಜೆಪಿಎಯಲ್ಲೇ ಓಡುತ್ತಿದೆ, ಅದನ್ನು ಮುಟ್ಟುವುದಿಲ್ಲ. ಹಮಾಲಿ ಲೆಕ್ಕದ 14 ಕ್ವೆರಿ ಬಾಕಿ ಇವೆ, ಹೊಸ ಕಾಯಿ ಬರುವ ಮುಂಚೆ ಅವನ್ನು ಬದಲಿಸಿ ಮುಗಿಸಬೇಕು.